ತುಟಿ ಕೊಯ್ಸೋಕೆ ಹೋದವಳು ಕ್ಲಿಪ್ ಹಾಕಿಸಿಕೊಂಡು ಬಂದೆ



ಹದಿನಾಲ್ಕು ತಿಂಗಳಿಂದ ಒಂದು ಮಾತು ಮುಚ್ಚಿಟ್ಟುಕೊಂಡಿದ್ದೇನೆ. ನನ್ನ ಹಲ್ಲಿಗೆ ಕ್ಲಿಪ್ ಬಂದಿದ್ದನ್ನು ನೀವೆಲ್ಲ ನೋಡಿದ್ದೀರಿ. "ಅಕ್ಕಾ, ಈ ವಯಸ್ಸಿನ್ಯಾಗ ಏನಿದು?" ಅಂದವರಿಗೆಲ್ಲ "ಹಲ್ಲು ನೋವಿತ್ತಪ್ಪಾ" ಅಂತ ಹಾರಿಕೆ ಉತ್ತರ ಕೊಟ್ಟೆ. ಅದು ಸುಳ್ಳು. ನಾನು ಹೊರಟಿದ್ದು ತುಟಿ ಕೊಯ್ಸಿಕೊಳ್ಳೋಕೆ.

ಹೌದು, ನಾನೇ. ಏಪ್ರಿಲ್ 14ಕ್ಕೆ ಬೈಲಹೊಂಗಲದಲ್ಲಿ ಮೈಕ್ ಹಿಡಿದು ಸ್ವಾಭಿಮಾನ, ಸ್ವಾಭಿಮಾನ ಅಂತ ಗಂಟಲು ಹರಿದುಕೊಂಡವಳು, ಅದೇ ರಾತ್ರಿ ಕೌದಿ ಹೊದ್ದು ಮೊಬೈಲಿನಲ್ಲಿ "ತುಟಿ ಸಣ್ಣ ಮಾಡುವ ಆಪರೇಷನ್" ಅಂತ ಹುಡುಕುತ್ತಿದ್ದೆ.

ಆವತ್ತು ಮಾತಾಡಿದ್ದು ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣದ ಬಗ್ಗೆ. 2013ರ ಕಾಯ್ದೆ ಇದ್ದರೂ ನಮ್ಮ ಹಾಸ್ಟೆಲ್ಲಿಗೆ ಬರಬೇಕಾದ ದುಡ್ಡು ಎತ್ತ ಹೋಗ್ತದೆ ಅಂತ. ವಿಡಿಯೋ ಹಾಕಿದರು. ಕೆಳಗೆ ಬಂದ ಕಾಮೆಂಟುಗಳಲ್ಲಿ ಹಣದ ಸುದ್ದಿಯೇ ಇಲ್ಲ. ಎಲ್ಲ ನನ್ನ ತುಟಿಯ ಮೇಲೆ. ಒಬ್ಬ "ಮೊದಲ ಬಾಯಿ ಮುಚ್ಚು" ಅಂತ ಬರೆದಿದ್ದ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನನ್ನ ಬಾಯಿ ನಿಜವಾಗಿಯೂ ಮುಚ್ಚೋದಿಲ್ಲ. ಆದರೆ ಚುಚ್ಚಿದ್ದು ಅದಲ್ಲ. ನಮ್ಮವನೇ ಒಬ್ಬ ಗ್ರೂಪಿನಲ್ಲಿ, "ಅಕ್ಕನ ಭಾಷಣ ಚಲೋ ಐತಿ, ಪೋಸ್ಟರಿಗೆ ಮಾತ್ರ ಬ್ಯಾರೆ ಫೋಟೋ ಹಾಕೋಣು" ಅಂದಿದ್ದ.

ಸವದತ್ತಿ ತಾಲೂಕಿನ ಹಳ್ಳಿಯಲ್ಲಿ ನಾನು ಬೆಳೆದಿದ್ದೇ "ಹಲ್ಲುಬ್ಬಿ" ಅನ್ನೋ ಹೆಸರಿನಲ್ಲಿ. ಆ ಹೆಸರಿನ ಬಾಲಕ್ಕೆ "ಕೇರಿ ತುಟಿ" ಅಂತ ಇನ್ನೊಂದು. ಶಾಲೆಯ ಗ್ಯಾದರಿಂಗಿನಲ್ಲಿ ಮೂರು ವರ್ಷ ಸತತ ನನಗೆ ಶೂರ್ಪನಖಿ ಪಾತ್ರ. "ನಿನಗ ಮೇಕಪ್ ಬೇಕಾಗೂದಿಲ್ಲ" ಅಂದಿದ್ದರು ಮೇಷ್ಟ್ರು. ಮೂಗು ಕೊಯ್ಸಿಕೊಂಡು ಅಳೋ ದೃಶ್ಯಕ್ಕೆ ಜೋರು ಚಪ್ಪಾಳೆ ಬೀಳುತ್ತಿತ್ತು. ಆ ಚಪ್ಪಾಳೆಗೆ ನಾನು ಖುಷಿಯೂ ಪಟ್ಟಿದ್ದೆ, ಅದನ್ನೂ ಹೇಳಿಬಿಡ್ತೀನಿ.

ಎರಡು ಗಂಡಿನ ಕಡೆಯವರು ನೋಡಿ ಹೋದ ಮೇಲೆ ಅವ್ವ ಒಂದು ದಿನ ತನ್ನ ಬೋರಮಾಳ ತೆಗೆದು ಮುಂದಿಟ್ಟಳು. "ಏನ್ ಮಾಡಸ್ಕೋತಿ ಮಾಡಸ್ಕೋ, ಮಂದಿ ಬಾಯಿ ಮುಚ್ಚಲಿ" ಅಂದಳು. ಅವ್ವ ತಡೀತಾಳೆ, ಆಗ ನಾನು ವಾದ ಮಾಡಬಹುದು ಅಂದುಕೊಂಡಿದ್ದೆ. ಅವಳು ತಡೀಲಿಲ್ಲ.

ಶಹರದ ಒಂದು ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ ಹೋದೆ. ಐದೇ ನಿಮಿಷ. "ಅರ್ಧ ತಾಸಿನ ಕೆಲಸ. ಸೂಜಿ ಕೊಟ್ಟು ತುಟಿ ಜೋಮು ಮಾಡ್ತೀವಿ, ಒಳಭಾಗದಿಂದ ಒಂದು ಪಟ್ಟಿ ತೆಗೆದು ಹೊಲಿಗೆ ಹಾಕ್ತೀವಿ, ಗಾಯ ಹೊರಗೆ ಕಾಣಲ್ಲ. 60,000." ತಾರೀಖೂ ಕೊಟ್ಟರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆ ಆಪರೇಷನ್ ಹಾಗೇ ಮಾಡೋದು. ಆದರೆ ಬಾಯಿ ತೆಗಿ, ಹಲ್ಲು ಕಚ್ಚಿ ತೋರಿಸು ಅಂತ ಒಂದು ಸಲವೂ ಕೇಳಲಿಲ್ಲ.

ಉಳಿಸಿದವಳು ಕಿತ್ತೂರಿನಲ್ಲಿ ನರ್ಸ್ ಆಗಿರೋ ಗೆಳತಿ. ಮೊದಲು ಬೈದಳು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಆಪರೇಷನ್ನಿಗೆ ಹೋಗಿ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ನೆನಪಿಸಿದಳು. ಇಪ್ಪತ್ತೊಂದು ವರ್ಷದ ಹುಡುಗಿ. ಆ ಆಪರೇಷನ್ನಿಗೂ ತುಟಿಯದಕ್ಕೂ ಹೋಲಿಕೆ ಇಲ್ಲ ಅಂತ ನಾನು ವಾದ ಮಾಡಿದೆ. ಆಗ ಕನ್ನಡಿ ಮುಂದೆ ನಿಲ್ಲಿಸಿದಳು.

"ಬಾಯಿ ಮುಚ್ಚು."

ಮುಚ್ಚಿದೆ.

"ಗದ್ದ ನೋಡ್ಕೋ."

ಗದ್ದದ ಮೇಲೆ ಲಿಂಬಿಹಣ್ಣಿನ ಸಿಪ್ಪೆಯ ಹಾಗೆ ಗುಳಿ ಗುಳಿ. "ತುಟಿ ಕೂಡಸಾಕ ಗದ್ದದ ಬಲ ಹಾಕಾಕತ್ತಿ. ಈಗ ಮುಚ್ಚಾಕ ಸಾಲವಲ್ಲದು. ಇದರಾಗ ಒಂದ್ ಪಟ್ಟಿ ಕೊಯ್ಸಿದಿ ಅಂದ್ರ ಏನ್ ಮುಚ್ಚತಿ? ಮೊದಲ ಹಲ್ಲ ತೋರಿಸು ನಡಿ."

ಧಾರವಾಡದ ದಂತ ಕಾಲೇಜಿಗೆ ಹೋದೆವು. ಮುಖದ ಬದಿಯಿಂದ ಎಕ್ಸ್‌ರೇ ತೆಗೆದರು. ಮೇಲಿನ ಮುಂಬಲ್ಲಿಗೂ ಕೆಳಗಿನ ಮುಂಬಲ್ಲಿಗೂ ನಡುವೆ 2–3 ಮಿಲಿಮೀಟರ್ ಅಂತರ ಇರಬೇಕಂತೆ. ನನ್ನದು 9. ಅಲ್ಲಿನ ಡಾಕ್ಟರಮ್ಮ ಹೇಳಿದ ರೀತಿ ನನಗೆ ಇಷ್ಟ ಆಯ್ತು: ತುಟಿಗೆ ತನ್ನದೇ ಎಲುಬಿಲ್ಲ, ಹಲ್ಲಿಗೆ ಆತು ನಿಂತಿರುತ್ತದೆ. ಹಲ್ಲು ಮುಂದೆ ಇದ್ದರೆ ಮೇಲಿನ ತುಟಿ ಮುಂದೆ. ಕೆಳತುಟಿ ಮೇಲಿನ ಹಲ್ಲಿನ ಹಿಂದೆ ಸಿಕ್ಕಿಕೊಂಡು ಹೊರಗೆ ಮಡಚಿಕೊಳ್ಳುತ್ತದೆ, ಮಡಚಿಕೊಂಡ ತುಟಿ ಇರೋದಕ್ಕಿಂತ ದಪ್ಪ ಕಾಣುತ್ತದೆ. ಸಾಲದ್ದಕ್ಕೆ ಸಿಕ್ಕಿಕೊಂಡ ತುಟಿಯೇ ಹಲ್ಲನ್ನು ಇನ್ನಷ್ಟು ಮುಂದಕ್ಕೆ ದೂಡುತ್ತಿರುತ್ತದೆ. ಅಂದರೆ ಮೂವತ್ತು ವರ್ಷ ನಾನು ಬೈಸಿಕೊಂಡ ತುಟಿಯಲ್ಲಿ ಅರ್ಧ ಹಲ್ಲಿನದು.

ಈ ಸ್ಥಿತಿಯಲ್ಲಿ ತುಟಿ ಕೊಯ್ದಿದ್ದರೆ ಬಾಯಿ ಇನ್ನಷ್ಟು ತೆರೆದೇ ಉಳೀತಿತ್ತು. ಹಲ್ಲು ಇನ್ನೂ ಕಾಣ್ತಿತ್ತು. ತೆರೆದ ಬಾಯಲ್ಲಿ ವಸಡು ಒಣಗಿ ಬಾತುಕೊಳ್ಳುತ್ತದೆ, ನನಗೆ ಆಗಲೇ ರಕ್ತ ಬರುತ್ತಿತ್ತು. ಮತ್ತೆ ಕೊಯ್ದದ್ದನ್ನು ತಿರುಗಿ ಅಂಟಿಸೋಕಾಗಲ್ಲ. ಮುಂದೆ ಎಂದಾದರೂ ಹಲ್ಲು ಹಿಂದೆ ಸರಿಸಿದರೆ, ಆ ಜಾಗಕ್ಕೆ ತುಟಿ ಅತಿ ತೆಳುವಾಗಿಬಿಡಬಹುದು. ಹಾಗಾಗಿ ಮೊದಲು ಹಲ್ಲು ಮತ್ತು ದವಡೆ, ಆಮೇಲೆ ತುಟಿ, ಅದೂ ಬೇಕೆನಿಸಿದರೆ. ಹಲ್ಲು ಸರಿದಷ್ಟೇ ತುಟಿಯೂ ಸರಿಯುತ್ತೆ ಅನ್ನೋ ಖಾತ್ರಿ ಇಲ್ಲ, ಸ್ವಲ್ಪ ಕಡಿಮೆ ಸರಿಯುತ್ತದೆ ಅಂತಲೂ ಹೇಳಿದರು. ದವಡೆಯ ಎಲುಬನ್ನೇ ಕತ್ತರಿಸಿ ಕೂಡಿಸೋ ದೊಡ್ಡ ಆಪರೇಷನ್ ಇನ್ನೊಂದು ದಾರಿ, ನನಗೆ ಅದು ಕಡ್ಡಾಯ ಅಲ್ಲ ಅಂದರು. ಮೇಲಿನ ಎರಡು ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡೆ. ಎಲುಬು, ವಸಡು ಗಟ್ಟಿ ಇದ್ದರೆ ಕ್ಲಿಪ್ಪಿಗೆ ವಯಸ್ಸಿನ ಹಂಗಿಲ್ಲ. ಕಂತಿನಲ್ಲಿ ಕಟ್ಟುತ್ತಿದ್ದೇನೆ. ಬೋರಮಾಳ ಪೆಟ್ಟಿಗೆ ಸೇರಿತು.

ಎಕ್ಸ್‌ರೇ ಮೇಲೆ ಒಬ್ಬ ಹುಡುಗ ಡಾಕ್ಟರು ಮೂಗಿನ ತುದಿಯಿಂದ ಗದ್ದಕ್ಕೆ ಒಂದು ಗೆರೆ ಎಳೆದ. ತುಟಿ ಈ ಗೆರೆಯ ಸ್ವಲ್ಪ ಹಿಂದಿರಬೇಕು, ನಿಮ್ಮದು ಮುಂದಿದೆ ಅಂದ. "ಯಾರು ಹಾಕಿದ ಗೆರೆ ಇದು?" ಅಂತ ಕೇಳಿದೆ (ನಮ್ಮ ಚಟ ಗೊತ್ತಲ್ಲ). ರಿಕೆಟ್ಸ್ ಅಂತ ಅಮೆರಿಕದ ದಂತವೈದ್ಯ. ಅಳತೆ ತೆಗೆದಿದ್ದು ಬಿಳಿಯರ ಮುಖಗಳಿಂದ. ನಮ್ಮ ಕಡೆಯ ಮುಖಗಳಿಗೆ ತುಟಿ ಸ್ವಲ್ಪ ಮುಂದಿರೋದೇ ಸಹಜ ಅಂತ ಇಲ್ಲಿಯವರೂ ಅಳತೆ ಮಾಡಿದ್ದಾರೆ, ಅದನ್ನೂ ಲೆಕ್ಕಕ್ಕೆ ಹಿಡೀತೀವಿ ಅಂತ ಅವನೇ ಹೇಳಿದ, ಒಳ್ಳೆ ಹುಡುಗ. ಮನೆಗೆ ಬಂದು ಓದಿದೆ. ಹಲ್ಲು ಜೋಡಿಸೋ ವಿದ್ಯೆಗೆ ಬುನಾದಿ ಹಾಕಿದ ಎಡ್ವರ್ಡ್ ಆಂಗಲ್, ಮುಖ ಅಂದರೆ ಹೀಗಿರಬೇಕು ಅಂತ ತೋರಿಸಿದ್ದು ಅಪೋಲೋ ದೇವರ ಒಂದು ಅಮೃತಶಿಲೆ ವಿಗ್ರಹವನ್ನು.

ನನಗೆ ರಿಸ್ಲೆ ನೆನಪಾದ. 1901ರ ಜನಗಣತಿಯ ಕಮಿಷನರ್, ಮೂಗಿನ ಅಗಲ–ಉದ್ದ ಅಳೆದು ಜಾತಿಗಳನ್ನು ಮೇಲೆ ಕೆಳಗೆ ಜೋಡಿಸಿದವನು. 1948ರಲ್ಲಿ ಬಂದ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬಾಬಾಸಾಹೇಬರು ಅಂಥ ಮೂಗಿನ ಅಳತೆಗಳನ್ನೇ ತಿರುಗಿಸಿ ಹಿಡಿದರು: ಈ ಅಂಕಿಗಳ ಪ್ರಕಾರವೇ ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗ ಅಲ್ಲ ಅಂತ. ಇದನ್ನು ನಾನು ಎಷ್ಟೋ ಶಿಬಿರಗಳಲ್ಲಿ ಪಾಠ ಮಾಡಿದ್ದೇನೆ. ಮಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿರುತ್ತಿದ್ದೆ.

ಈಗ ತುಟಿ ತಾನಾಗಿ ಕೂಡುತ್ತದೆ, ಗದ್ದದ ಗುಳಿ ಹೋಗಿದೆ. ಮುಂಬಲ್ಲಿನಿಂದ ಕಟಿರೊಟ್ಟಿ ಕಡೀತೀನಿ. ಮೊದಲು ಪಕ್ಕದ ಹಲ್ಲಿಗೆ ಇಟ್ಟು ಮುರೀತಿದ್ದೆ, ಎಲ್ಲರೂ ಹಾಗೇ ತಿನ್ತಾರೆ ಅಂದುಕೊಂಡಿದ್ದೆ. ತುಟಿ ಇನ್ನೂ ದಪ್ಪಗೇ ಇದೆ. ನಮ್ಮಾಯಿಯ ತುಟಿ ಅದು, ಚೌಡಕಿ ಹಿಡಿದು ಗುಡ್ಡದಲ್ಲಿ ಹಾಡುತ್ತಿದ್ದ ಆಯಿಯದು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಇಂಜೆಕ್ಷನ್ ಚುಚ್ಚಿಸಿಕೊಂಡು ಇಂಥದೇ ತುಟಿ ಮಾಡಿಸಿಕೊಳ್ತಾರಂತೆ, ಅಲ್ಲಿ ಅದು ಫ್ಯಾಷನ್. ಇನ್ನು ಕೊಯ್ಸಿಕೊಳ್ಳೋದಿಲ್ಲ ಅಂತ ನಾನು ಆಣೆ ಮಾಡಿಲ್ಲ. ಕ್ಲಿಪ್ ತೆಗೆದು, ಒಂದು ವರ್ಷ ಕಳೆದ ಮೇಲೆ ನೋಡ್ತೀನಿ. ಹಲ್ಲು ಸರಿಯಿದ್ದೂ ತುಟಿ ಸಣ್ಣ ಮಾಡಿಸಿಕೊಂಡ ನಮ್ಮ ಹುಡುಗಿಯರನ್ನು ದಯವಿಟ್ಟು ಯಾರೂ ಕಟಕಟೆಗೆ ಹತ್ತಿಸಬೇಡಿ. ಕನ್ನಡಿ ಮುಂದೆ ನಿಲ್ಲೋಳು ಅವಳು.

ಸಿಟ್ಟು ಬಂದಿರೋದು ಬೇರೆ ವಿಷಯಕ್ಕೆ. 2013ರಿಂದ ಆರ್‌ಬಿಎಸ್‌ಕೆ ಅಂತ ಕಾರ್ಯಕ್ರಮ ಇದೆ, ಸರ್ಕಾರಿ ಶಾಲೆ, ಅಂಗನವಾಡಿಗೆ ಡಾಕ್ಟರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅದರ ಸಮಸ್ಯೆಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ಹುಳುಕು ಹಲ್ಲು ಇದೆ. ಉಬ್ಬು ಹಲ್ಲು, ಕೂಡದ ದವಡೆ ಇಲ್ಲ. ಎಲುಬು ಬೆಳೀತಿರೋ 11–12ರ ವಯಸ್ಸಿನಲ್ಲಿ ಹಿಡಿದರೆ ಎಷ್ಟೋ ಸಲ ಹಲ್ಲು ಕೀಳೋದೂ ತಪ್ಪಬಹುದು. ಬಿದ್ದರೆ ಮೊದಲು ಮುರಿಯೋದೂ ಈ ಉಬ್ಬು ಹಲ್ಲೇ. ಇದನ್ನು "ಚಂದ ಕಾಣೋ ಖರ್ಚು" ಅಂತ ಬದಿಗಿಟ್ಟಿದ್ದಾರೆ. ಮುಂದಿನ ಸಲ ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡೋ ಮನವಿಯಲ್ಲಿ ಈ ಸಾಲು ಸೇರಿಸಬೇಕು, ಯಾರಾದರೂ ಚೆನ್ನಾಗಿ ಬರೆಯೋರು ಕೂಡಿ.

ರಾಮದುರ್ಗದ ಕಡೆಯ ಒಂದು ಹಾಸ್ಟೆಲ್ಲಿನಲ್ಲಿ ಹನ್ನೆರಡು ವರ್ಷದ ಹುಡುಗಿ ಇದ್ದಾಳೆ. ನಕ್ಕರೆ ಕೈ ಬಾಯಿಗೆ ಹೋಗುತ್ತದೆ. ಹೋದ ತಿಂಗಳು ಸಭೆ ಮುಗಿದ ಮೇಲೆ ಹತ್ತಿರ ಬಂದು, "ಅಕ್ಕಾರ, ನಿಮ್ಮ ಹಲ್ಲಿನ ತಂತಿ ನೋವಾಕ್ಕೈತೇನ್ರಿ?" ಅಂದಳು. ಬಿಗಿ ಮಾಡಿದ ಮೇಲೆ ಮೂರು ದಿನ ನೋವಾಗುತ್ತೆ, ಬರೇ ಅನ್ನ–ಸಾರು ಉಣ್ಣಬೇಕು ಅಂದೆ. "ಅಷ್ಟ ಏನ್ರಿ" ಅಂದಳು. ಅವಳವ್ವ ಕಬ್ಬು ಕಡಿಯೋ ಗ್ಯಾಂಗಿನಲ್ಲಿದ್ದಾಳೆ, ಒಂದು ದಿನದ ಪಗಾರ ಬಿಟ್ಟು ಬರ್ತೀನಿ ಅಂದಿದ್ದಾಳೆ. ಈ ಸೋಮವಾರ ನನಗೂ ಅವಳಿಗೂ ಒಂದೇ ದಿನ ತಾರೀಖು ಸಿಕ್ಕಿದೆ. ಅವರು ಸವದತ್ತಿ ಮೇಲಿಂದ ಬರ್ತಾರೆ, ನಾನು ಕಿತ್ತೂರು ಮೇಲಿಂದ. ಹತ್ತು ಗಂಟೆಗೆ ಧಾರವಾಡ ಬಸ್ ಸ್ಟ್ಯಾಂಡಿನಲ್ಲಿ ಕೂಡೋದು ಅಂತ ಆಗಿದೆ.