ತಲೆಬಾಗಿಲಿನ ಮೆರುಗು

ಮರಕ್ಕೆ ಬಣ್ಣ ಬಳಿಯುವುದು ಸುಲಭ. ಬಳಿದೂ ಬಳಿಯದಂತೆ ಕಾಣಿಸುವುದು ಕಷ್ಟ. ಹಿಮಾಲಯದ ದೇವದಾರುವಾಗಲಿ, ನಮ್ಮ ತೇಗವಾಗಲಿ, ಬಿಸಿಲಿಗೆ ನಿಂತ ಮರದ ಪಾಡು ಒಂದೇ.

ತೊಣ್ಣೂರಿನ ನಮ್ಮ ಹಳೆಯ ಮನೆಯ ತಲೆಬಾಗಿಲು ತಾತನ ಕಾಲದ ತೇಗದ್ದು. ಅದರ ಮುಖ ಪಡುವಣಕ್ಕೆ. ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವತನಕ ಬಿಸಿಲು ನೇರವಾಗಿ ಅದರ ಮೇಲೆಯೇ. ಆಶ್ವೀಜದ ಮಳೆಯ ಎರಚಲೂ ಅದಕ್ಕೇ. ಮರವೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು. ದೊಡ್ಡಣ್ಣ ಬೆಂಗಳೂರಿನಿಂದ ಫೋನು ಮಾಡಿ, “ಹಳೆಯ ಬಾಗಿಲು ಕೊಳ್ಳುವವರು ಇದ್ದಾರೆ, ಕೊಟ್ಟುಬಿಡು. ಕಬ್ಬಿಣದ್ದು ಹಾಕಿಸೋಣ” ಎಂದ. ಅಮ್ಮ ಒಪ್ಪಲಿಲ್ಲ. “ನಾನು ಸೇರು ಒದ್ದು ಒಳಗೆ ಬಂದ ಬಾಗಿಲು ಕಣೋ ಅದು. ಬಣ್ಣ ಬಳಿಸಿ ಮರ ಮುಚ್ಚಲೂಬೇಡ” ಎಂದಳು. ಬಾಗಿಲು ಉಳಿಯಬೇಕು, ಮರ ಕಾಣಬೇಕು: ನನ್ನ ಪಾಲಿಗೆ ಬಂದ ಕೆಲಸ ಇದು.

ಮೊದಲು ನೆನಪಾದದ್ದು ಅರಗಿನ ಪಾಲಿಷು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದು ಅರಗೇ ಅಲ್ಲವೆ? ಆದರೆ ಅದು ಮನೆಯೊಳಗಿನ ವೈಭವ. ನೀರು ಬಿದ್ದರೆ ಬೆಳ್ಳಗೆ ಮಚ್ಚೆಯೇಳುತ್ತದೆ. ಹೊಂಗೆ ಎಣ್ಣೆ ಅಗ್ಗ, ಆದರೆ ಒಣಗುವ ಜಾತಿಯದಲ್ಲ. ಬೀದಿಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಅಂಗಡಿಯ ಪಾಲಿಯುರಿಥೇನ್ ಗಾಜಿನಂತೆ ಹೊಳೆಯುತ್ತದೆ. ಆದರೆ ಮಳೆಗಾಲದಲ್ಲಿ ಮರ ಉಬ್ಬಿ ಬೇಸಗೆಯಲ್ಲಿ ಕುಗ್ಗಿದಂತೆಲ್ಲ ಆ ಬಿರುಸಾದ ಪೊರೆ ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು ಹೊರಬರಲು ದಾರಿ ಕಾಣದೆ ಒಳಗೇ ನಿಲ್ಲುತ್ತದೆ. ಹಡಗಿನ ವಾರ್ನಿಷು ಇದಕ್ಕಿಂತ ಮೃದು, ಬಾಳಿಕೆಯೂ ಹೆಚ್ಚು. ಆದರೆ ಅದೂ ಒಂದು ದಿನ ಸುಲಿಯುವುದೇ.

ಇವೆಲ್ಲದರ ಮೂಲದೋಷ ಒಂದೇ. ಪಾರದರ್ಶಕವೆಂದರೆ ಬೆಳಕನ್ನು ಒಳಗೆ ಬಿಡುವುದು. ಬಿಸಿಲಿನ ನೇರಳಾತೀತ ಕಿರಣ ಮೆರುಗನ್ನು ಹಾಯ್ದು, ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಟನ್ನು ಮುರಿಯುತ್ತದೆ. ಕಾಲ ಕೆಳಗಿನ ನೆಲ ಸಡಿಲವಾದ ಮೇಲೆ ಮೆರುಗಾದರೂ ಎಲ್ಲಿ ನಿಂತೀತು? ಕಿರಣಗಳನ್ನು ಹೀರುವ ಮದ್ದು ಬೆರೆಸಿದ ವಾರ್ನಿಷುಗಳಿವೆ. ಅವು ಈ ಕೇಡನ್ನು ಮುಂದೂಡಬಲ್ಲವು, ತಪ್ಪಿಸಲಾರವು.

ಉಪಾಯ ಹೊಳೆದದ್ದು ಶ್ರೀರಂಗಪಟ್ಟಣದಲ್ಲಿ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಹುಪಾಲು ತೇಗದ್ದು. ಅಲ್ಲಿನ ಗೋಡೆಚಿತ್ರಗಳಿಗೆ ಬಿಸಿಲು ತಾಗದಂತೆ ಹೊರಗೆ ಪರದೆ ಇಳಿಬಿಟ್ಟಿದ್ದಾರೆ. ಅರಮನೆಗೇ ನೆರಳು ಬೇಕಾದರೆ ನಮ್ಮ ಬಾಗಿಲಿಗೆ ಬೇಡವೆ? ಜಗಲಿಯ ಸೂರನ್ನು ಎರಡು ಮೊಳ ಮುಂದಕ್ಕೆ ಚಾಚಿಸಿ ಹೆಂಚು ಹೊದಿಸಿದೆವು. ಸಂಜೆಯ ಇಳಿಬಿಸಿಲು ಈಗಲೂ ನುಗ್ಗುತ್ತದೆ; ಆದರೆ ಮೊದಲಿನಷ್ಟು ಹೊತ್ತಲ್ಲ.

ಹಚ್ಚುವುದಕ್ಕೆ ಆರಿಸಿದ್ದು ಕಾಯಿಸಿದ ಅಗಸೆ ಎಣ್ಣೆ. ಬೂದಿಬಣ್ಣದ ಪದರವನ್ನು ಉಜ್ಜುಕಾಗದದಿಂದ ತೆಗೆದು, ಮೊದಲ ಕೈ ಟರ್ಪೆಂಟೈನ್ ಬೆರೆಸಿ ತೆಳ್ಳಗೆ, ಅದು ಒಣಗಿದ ಮೇಲೆ ಮತ್ತೆರಡು ಕೈ. ಆಚಾರಿ ಎಣ್ಣೆಗೆ ಒಂದು ಚಿಟಿಕೆ ಕಾವಿ ಬೆರೆಸಿದ. ಆ ಕೆಂಪುಮಣ್ಣಿನ ಕಣಗಳು ಬೆಳಕನ್ನು ತಡೆಯುತ್ತವೆ, ಮರದ ಗೆರೆಗಳನ್ನು ಮುಚ್ಚುವುದಿಲ್ಲ. ಕದದ ಕೆಳ ಅಂಚಿಗೆ ಮರೆಯದೆ ಎಣ್ಣೆ ಕುಡಿಸಿದೆವು; ನೀರು ಮೊದಲು ಏರುವುದು ಅಲ್ಲಿಂದ. ಎಣ್ಣೆಯ ಚಿಂದಿಗಳನ್ನು ಮುದುರಿ ಎಸೆಯಬಾರದು, ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು; ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರಡಬೇಕು.

ಅಗಸೆ ಎಣ್ಣೆಯೂ ನಿರ್ದೋಷಿಯಲ್ಲ. ಬರಬರುತ್ತ ಕಪ್ಪಾಗುತ್ತದೆ, ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. “ಹಾಗಾದರೆ ಬಾಳಿಕೆ ಎಲ್ಲಿ ಬಂತು?” ಎಂದು ಅಣ್ಣ ಕೇಳಿದ. ಸುಲಿದ ವಾರ್ನಿಷನ್ನು ಪೂರ್ತಿ ಹೆರೆದು ತೆಗೆಯಬೇಕು. ಮಾಸಿದ ಎಣ್ಣೆಗೆ ಒರೆಸಿ ಇನ್ನೊಂದು ಕೈ ಹಚ್ಚಿದರೆ ಸಾಕು ಎಂದು ಲೆಕ್ಕ ಒಪ್ಪಿಸಿದೆ. ಅವನು ಮತ್ತೆ ಕಬ್ಬಿಣದ ಮಾತೆತ್ತಲಿಲ್ಲ.

ನಮ್ಮೂರಿನ ನಂಬಿನಾರಾಯಣನ ಗುಡಿಯ ಕಲ್ಲುಕಂಬಗಳು ಯಾರ ಕೈಯನ್ನೂ ಕಾಯದೆ ಶತಮಾನಗಳಿಂದ ನಿಂತಿವೆ. ಮರದ ಸ್ವಭಾವ ಬೇರೆ. ಯುಗಾದಿಗೆ ಮೊದಲು, ಮರ ಚೆನ್ನಾಗಿ ಒಣಗಿರುವಾಗ, ಮನೆಯವರೊಬ್ಬರು ಅರ್ಧ ದಿನ ಅದರ ಮುಂದೆ ಕೂರಬೇಕು. ಅಷ್ಟು ಮಾಡುವವರು ಇರುವತನಕ ಬಾಗಿಲೂ ಇರುತ್ತದೆ.