ಚಿತ್ರದುರ್ಗ: ಕಲ್ಲಿನ ಕೋಟೆಯ ಜಲದರ್ಶನ

ಚಿತ್ರದುರ್ಗವು ಬಯಲುಸೀಮೆಯ ಪುರಾತನ ನಗರ. ಇಲ್ಲಿ ಮಳೆ ಅಲ್ಪ, ಬಂಡೆ ಅಪಾರ. ಊರಿನ ಬೆನ್ನಿಗೆ ನಿಂತ ಬೆಟ್ಟಸಾಲನ್ನು ಏಳುಸುತ್ತಿನ ಕೋಟೆಯು ಬಳಸಿಕೊಂಡಿದೆ. 16ನೆಯ ಶತಮಾನದಲ್ಲಿ ಮತ್ತಿ ತಿಮ್ಮಣ್ಣನಾಯಕನಿಂದ ಮೊದಲಾದ ನಾಯಕರ ಆಳ್ವಿಕೆಯು, 1779ರಲ್ಲಿ ಹೈದರಾಲಿಯು ಮದಕರಿನಾಯಕನಿಂದ ದುರ್ಗವನ್ನು ವಶಪಡಿಸಿಕೊಂಡಾಗ ಅಂತ್ಯಗೊಂಡಿತು.

ಯಾತ್ರಿಕರು ಬಾಗಿಲುಗಳನ್ನು ದಾಟಿ, ಮದ್ದು ಅರೆಯುತ್ತಿದ್ದ ಬೃಹತ್ ಬೀಸುಕಲ್ಲುಗಳನ್ನು ಕಂಡು, ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರರ ದರ್ಶನ ಪಡೆಯುತ್ತಾರೆ. ನಾಯಕರ ಗುರುಪೀಠವಾಗಿದ್ದ ಮುರುಘಾಮಠದ ಹಳೆಯ ಕಟ್ಟಡವೂ ಕೋಟೆಯೊಳಗಿದೆ. ಇವೆಲ್ಲವೂ ದರ್ಶನೀಯವೇ. ಆದರೆ ಇಷ್ಟು ಜನ ಈ ಬರಡು ಬಂಡೆಯ ಮೇಲೆ ಏನು ಕುಡಿದು ಬದುಕಿದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಉತ್ತರವು ಗೋಪಾಲಸ್ವಾಮಿ ಹೊಂಡದಲ್ಲಿದೆ. ಬಂಡೆಗಳ ಮೇಲೆ ಬಿದ್ದ ಮಳೆಯು ಹರಿದು ಅಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗಿಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳನ್ನು ಸೇರುತ್ತದೆ. ಮೇಲಿನವನು ತನಗೆ ಸಾಕಾದುದನ್ನು ಇರಿಸಿಕೊಂಡು, ಮಿಕ್ಕುದನ್ನು ಕೆಳಗಿನವನಿಗೆ ಒಪ್ಪಿಸುವ ಏರ್ಪಾಡು ಇದು. ದಾಸೋಹವೆಂದರೆ ಇದಕ್ಕಿಂತ ಬೇರೆಯೇನು?

ಓಬವ್ವನ ಕಥೆಯನ್ನು ನೆನೆಯಿರಿ. ಊಟಕ್ಕೆ ಕುಳಿತ ಪತಿಗಾಗಿ ನೀರು ತರಲು ಹೋದಾಗಲೇ ಆ ತಾಯಿಯು ಕಿಂಡಿಯಲ್ಲಿ ನುಸುಳುತ್ತಿದ್ದ ವೈರಿಗಳನ್ನು ಕಂಡು ಒನಕೆ ಹಿಡಿದಳೆಂದು ಜನ ಹೇಳುತ್ತಾರೆ. ಕಿಂಡಿಯ ಸಮೀಪದಲ್ಲೇ ತಣ್ಣೀರು ದೋಣಿಯಿದೆ. ಮಕ್ಕಳಿಗೆ ಎರಡನ್ನೂ ತೋರಿಸಬೇಕು.

ಈ ಜಲಪ್ರಜ್ಞೆಯು ನಾಯಕರಿಗಿಂತಲೂ ಬಹು ಹಳೆಯದು. ಬೆಟ್ಟದ ಪಶ್ಚಿಮಕ್ಕಿರುವ ಚಂದ್ರವಳ್ಳಿಯ ಕಣಿವೆಯಲ್ಲಿ ಕದಂಬ ಮಯೂರಶರ್ಮನ 4ನೆಯ ಶತಮಾನದ ಪ್ರಾಕೃತ ಶಾಸನವಿದೆ. ರಾಜ್ಯಸ್ಥಾಪಕನಾದ ಆ ಅರಸನು ಅಲ್ಲಿ ಕೆತ್ತಿಸಿದ್ದು ಒಂದು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು.

ಕೋಟೆಯನ್ನು ಮುಂಜಾನೆಯೇ ಹತ್ತುವುದು ಲೇಸು. ಬಿಸಿಲೇರಿದರೆ ಬಂಡೆ ಕಾಯುತ್ತದೆ, ನೆರಳು ದುರ್ಲಭ. ವೃದ್ಧರು ಅವಸರಿಸದೆ ಹೊಂಡದವರೆಗೆ ಹೋಗಿ ವಿಶ್ರಮಿಸಬಹುದು. ಕೊಂಡೊಯ್ದ ಬುತ್ತಿಯ ಎಲೆ, ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಮರಳಿ ತರುವುದು ಕರ್ತವ್ಯ. ಹೊಂಡದ ಹಾದಿಯಲ್ಲಿ ಕಸ ಬಿದ್ದರೆ ಮಳೆನೀರಿನೊಡನೆ ಅದೂ ಕೆಳಗಿಳಿಯುತ್ತದೆ.

ಏಳು ಸುತ್ತಿನ ಗೋಡೆಗಳು ಅರಸೊತ್ತಿಗೆಯನ್ನು ಉಳಿಸಲಾರದೆ ಹೋದವು. ಹೆಸರರಿಯದ ಒಡ್ಡರೂ ಕಲ್ಕುಟಿಗರೂ ಕಟ್ಟಿದ ಹೊಂಡಗಳು ಮಾತ್ರ ಇಂದಿಗೂ ಮಳೆಯನ್ನು ಹಿಡಿದಿಡುತ್ತಿವೆ. ದುರ್ಗಕ್ಕೆ ಹೋದ ಸದ್ಭಕ್ತರು ಆ ಕಾಯಕಜೀವಿಗಳಿಗೂ ಒಮ್ಮೆ ಕೈಮುಗಿಯಲಿ. ತಮ್ಮೂರಿನ ಕೆರೆಯ ಹೂಳನ್ನೂ ನೆನೆಯಲಿ.