ಅಮ್ಮನಿಗೊಂದು ವಿಮೆ ಬೇಕಂತೆ!

ನಮ್ಮ ಮೈಸೂರಿನ ವಿಜಯನಗರದಲ್ಲಿ ಈಗ ಯಾವ ಬೀದಿಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಒಂದಾದರೂ ಸಿಕ್ಕೇ ಸಿಗುತ್ತದೆ. "ನೀವೂ ಹೋಗಿ ಅಲ್ಲೇ ಇದ್ದುಬಿಡಬಾರದೇ?" ಎಂದು ಕೇಳುವವರಿಗೇನು ಕಡಿಮೆಯೇ! ಪಾಸ್‌ಪೋರ್ಟು, ಟಿಕೆಟ್ಟು, ಚಳಿಗೆ ಸ್ವೆಟರು, ಒಂದಿಷ್ಟು ಚಟ್ನಿಪುಡಿ ಇದ್ದರಾಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಸೋದರಿಯರೇ, ಇವೆಲ್ಲಕ್ಕಿಂತ ಮೊದಲು ವಿಚಾರಿಸಬೇಕಾದ ಕಾಗದ ಒಂದಿದೆ. ಅದೇ ಆರೋಗ್ಯ ವಿಮೆ.

ನನ್ನ ತಂಗಿ 2019ರಲ್ಲಿ ಕೆಲಸದ ಮೇಲೆ ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೋದಳು. ಓದಿದ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಅವಳದು. 2022ರಲ್ಲಿ ಅಲ್ಲೇ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿದಾಗ ಸಂಬಳದ ಚೀಟಿ, ಪಿಂಚಣಿಗೆ ಕಟ್ಟಿದ ಲೆಕ್ಕ, ಜರ್ಮನ್ ಭಾಷೆಯ ಪರೀಕ್ಷೆ ಇವುಗಳ ಜೊತೆಗೆ ವಿಮೆಯ ದಾಖಲೆಯನ್ನೂ ಕೊಡಬೇಕಾಯಿತು. ಅವಳು ಅಲ್ಲಿನ ಸಾರ್ವಜನಿಕ ವಿಮೆಯಲ್ಲಿದ್ದಳು. ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ, ಕೆಲಸ ಕೊಟ್ಟವರೂ ತಮ್ಮ ಪಾಲು ಕಟ್ಟುತ್ತಾರೆ. ಹಾಗಾಗಿ ಒಂದು ಹಾಳೆ ಕೊಟ್ಟದ್ದೇ ಸಾಕಾಯಿತು.

ಅವಳ ಪರಿಚಯದ ಇನ್ನೊಬ್ಬ ಕನ್ನಡದ ಹುಡುಗನಿಗೆ ಹಾಗಾಗಲಿಲ್ಲ. ಅವನದು ಸ್ವಂತ ಉದ್ಯೋಗ. ಪರದೇಶದವರಿಗೆಂದೇ ಮಾರುವ ಅಗ್ಗದ ಪಾಲಿಸಿ ಕೊಂಡಿದ್ದ. ಅದಕ್ಕೆ ಇಷ್ಟೇ ವರ್ಷ ಎಂಬ ಅವಧಿ, ಹಳೇ ಕಾಯಿಲೆಗೆ ದುಡ್ಡಿಲ್ಲ ಎಂಬ ಷರತ್ತು. ಕಾಯಂ ವಾಸಕ್ಕೆ ಇದು ಸಾಲದು, ಸಾರ್ವಜನಿಕ ವಿಮೆಗೆ ಸಮನಾದದ್ದು ಬೇಕು ಎಂದುಬಿಟ್ಟರಂತೆ. 1883ರಲ್ಲೇ, ಬಿಸ್ಮಾರ್ಕನ ಕಾಲದಲ್ಲಿ, ಕೆಲಸಗಾರರಿಗೆ ಕಾಯಿಲೆಯ ವಿಮೆ ತಂದ ದೇಶ ಅದು. 2009ರಿಂದ ಅಲ್ಲಿ ವಾಸಿಸುವ ಎಲ್ಲರಿಗೂ ವಿಮೆ ಕಡ್ಡಾಯ. ಅಂಥವರು ಈ ವಿಷಯದಲ್ಲಿ ಸಡಿಲ ಬಿಟ್ಟಾರೆಯೇ?

ಇಷ್ಟರವರೆಗೆ ಇದು ನನಗೆ ದೂರದ ಸುದ್ದಿಯಾಗಿತ್ತು. 2023ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ನಂಜನಗೂಡಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಎಪ್ಪತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ, ಮೊಣಕಾಲು ನೋವು. "ಅಕ್ಕ, ಅಮ್ಮನ್ನ ಇಲ್ಲಿಗೇ ಕರ್ಕೊಂಡ್ಬಿಡ್ತೀನಿ" ಎಂದಳು ತಂಗಿ. ನಿಜ ಹೇಳಲೇ? ಅತ್ತೆ, ಮಾವ, ಅಮ್ಮ ಮೂವರ ಮಾತ್ರೆ-ಪಥ್ಯ ನೋಡಿಕೊಳ್ಳುವ ನನಗೂ ಮನಸ್ಸಿನೊಳಗೆ ಒಂದಿಷ್ಟು ಹಗುರವಾಯಿತು. ಅಮ್ಮನೂ ನಂಜನಗೂಡಿನ ಮನೆ ಮಾರಿ ಆ ದುಡ್ಡನ್ನು ಮಗಳಿಗೆ ಕೊಡುವ ಲೆಕ್ಕ ಹಾಕಿದರು.

ತಂಗಿ ವಿಚಾರಿಸಿದಾಗ ತಿಳಿದದ್ದು ಬೇರೆ. ಸಂಪಾದಿಸುವವರ ಸಾರ್ವಜನಿಕ ವಿಮೆಯಲ್ಲಿ ತಂದೆ-ತಾಯಿ ಸೇರುವುದಿಲ್ಲ. ಐವತ್ತೈದು ದಾಟಿ ಹೊಸದಾಗಿ ಬಂದವರಿಗೆ ಆ ವಿಮೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಖಾಸಗಿ ಕಂಪನಿಯವರು ಈ ವಯಸ್ಸಿಗೆ, ಈ ಕಾಯಿಲೆಗೆ ಒಪ್ಪುವುದೇ ಕಷ್ಟ. ನುರಿತ ಕೆಲಸಗಾರರ ತಂದೆ-ತಾಯಿಯನ್ನು ಕರೆಸಿಕೊಳ್ಳಲು 2024ರ ಮಾರ್ಚ್ 1ರಿಂದ ಹೊಸ ದಾರಿಯೇನೋ ತೆರೆದಿದ್ದಾರೆ. ಆದರೆ ಅದು ಆ ದಿನದಿಂದೀಚೆಗೆ ಮೊದಲ ಪರವಾನಗಿ ಪಡೆದವರಿಗೆ. ಅವರಿಗೂ ತಂದೆ-ತಾಯಿಯ ವಿಮೆ ತೋರಿಸದೆ ಆಗದು. 2019ರಲ್ಲೇ ಹೋದ ನನ್ನ ತಂಗಿಗೆ ಆ ದಾರಿಯೂ ಇಲ್ಲ.

"ಅಮ್ಮ ನಿನಗೊಬ್ಬಳಿಗೇನಾ ಅಕ್ಕ?" ಎಂದು ಫೋನಿನಲ್ಲಿ ಅತ್ತಳು. ಏನು ಹೇಳಲಿ? ಅಮ್ಮನೇ ಫೋನು ತೆಗೆದುಕೊಂಡು, "ಅಳಬೇಡ ಕಣೇ. ನನ್ನ ಮೊಣಕಾಲನ್ನ ಯಾರು ತಾನೇ ಲಾಭಕ್ಕೆ ಕೊಳ್ತಾರೆ? ನೀನು ದುಡಿದದ್ದೆಲ್ಲ ನನ್ನ ಮಾತ್ರೆಗೆ ಸುರೀಬೇಡ. ನೋಡ್ಕೊಂಡು ಬರೋಕೆ ಬರ್ತೀನಿ" ಎಂದರು. ಮನೆ ಮಾರುವ ಮಾತು ಅಲ್ಲಿಗೇ ನಿಂತಿತು.

ಈಗ ಅಮ್ಮ ನೆಂಟರ ವೀಸಾದಲ್ಲಿ ಹೋಗಿ ಬರುತ್ತಾರೆ. ನೂರೆಂಬತ್ತು ದಿನಗಳಲ್ಲಿ ತೊಂಬತ್ತು ದಿನ ಇರಬಹುದು. ಅದಕ್ಕೂ ಕನಿಷ್ಠ 30,000 ಯೂರೋಗಳ ಪ್ರವಾಸ ವಿಮೆ ಬೇಕು. ಅಲ್ಲಿ ರೈನ್-ಮೈನ್ ಕನ್ನಡ ಸಂಘವಿದೆ, ಕನ್ನಡದ ಮಾತಿಗೇನೂ ಬರವಿಲ್ಲ. ಆ ದಿನಗಳಲ್ಲಿ ನನಗೂ ತುಸು ಬಿಡುವು, ತಂಗಿಗೂ ಅಮ್ಮನ ಕೈಯಡುಗೆ.

ದೇಶಕ್ಕೊಂದು ಕಟ್ಟಳೆ. ಕೆನಡಾದಲ್ಲಿ ತಂದೆ-ತಾಯಿಗೆಂದೇ ಸೂಪರ್ ವೀಸಾ ಇದೆ. ಒಮ್ಮೆ ಹೋದರೆ ಐದು ವರ್ಷದವರೆಗೂ ಇರಬಹುದು. ಆದರೆ ಅದು ಕಾಯಂ ವಾಸವಲ್ಲ. ಒಂದು ಲಕ್ಷ ಕೆನಡಾ ಡಾಲರಿನ, ಕನಿಷ್ಠ ಒಂದು ವರ್ಷದ ವಿಮೆಯೂ ಬೇಕು.

ಹೊರಡುವ ಮಾತು ಬಂದಾಗ ಈ ನಾಲ್ಕನ್ನು ಕೇಳಿಬಿಡಿ. ಕಾಯಂ ವಾಸಕ್ಕೆ ಈ ಪಾಲಿಸಿ ನಡೆಯುತ್ತದೆಯೇ? ಅವಧಿ ಎಷ್ಟು? ಹಳೇ ಕಾಯಿಲೆಗೆ ಕೊಡುತ್ತಾರೆಯೇ? ವಯಸ್ಸಾದಂತೆ ಕಂತು ಏರುತ್ತದೆಯೇ? ಜೊತೆಗೆ, "ಹೇಗೂ ಹೋಗ್ತೀವಲ್ಲ" ಎಂದು ಇಲ್ಲಿನ ವಿಮೆ ನಿಲ್ಲಿಸಬೇಡಿ. ಅದು ತಪ್ಪಿ, ವಾಪಸು ಬಂದು ಹೊಸದು ಕೊಂಡರೆ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಇದೆಲ್ಲ ಗಂಡಸರ ಕಾಗದಪತ್ರ ಎಂದು ನಾವು ಸುಮ್ಮನಿರುವುದೇಕೆ? ಹಿರಿಯರ ಮಾತ್ರೆಯ ಲೆಕ್ಕ ಇರುವುದು ನಮ್ಮ ಹತ್ತಿರ ತಾನೇ? ಮೊದಲು ವಿಮೆಯ ಮಾತಾಗಲಿ. ಮನೆ ಮಾರುವ ಮಾತು ಆಮೇಲೆ. ಏನಂತೀರಿ?